ನಾಲ್ಕು ತುಂಡಾಗಿ ಸಿಕ್ಕ ಪದ

ಆ ಚೀಟಿಯನ್ನು ಅವರು ಮೊದಲು ಅಂಚೆಯವನಿಗೆ ತೋರಿಸಿದ್ದರು. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರಲ್ಲಿ ಊರಿನ ಹೆಸರಿಲ್ಲ, ಪಿನ್ ಕೋಡಿಲ್ಲ, ಇದು ಟಪಾಲಿನ ವಿಳಾಸವೇ ಅಲ್ಲ, ಮುದ್ದೇಬಿಹಾಳಕ್ಕೆ ಹೋಗಿ ಕಂಪ್ಯೂಟರ್ ಇಟ್ಟವರನ್ನು ಕೇಳಿ ಎಂದು ಕಳಿಸಿದ್ದನಂತೆ. ಹಾಗಾಗಿ ಅಕ್ಕತಂಗಿ ಇಬ್ಬರೂ ನಾಲತವಾಡದಿಂದ ಬಸ್ಸಿಗೆ ಬಂದು, ನಮ್ಮ ಟೈಪಿಂಗ್ ಕ್ಲಾಸಿನ ಮೆಟ್ಟಿಲು ಹತ್ತಿ, ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ನಿಂತಿದ್ದರು.

ಎರಡು ಸಾವಿರದ ಏಳರ ಸುಮಾರಿನ ಮಾತು. ಟೈಪಿಂಗ್ ಕ್ಲಾಸು ಅಪ್ಪ ಶುರು ಮಾಡಿದ್ದು. ಅವರು ತೀರಿಕೊಂಡ ಮೇಲೆ ನಾನು ನಡೆಸುತ್ತಿದ್ದೆ. ಕಬ್ಬಿಣದ ಹಳೆಯ ಯಂತ್ರಗಳನ್ನು ಒಂದು ಗೋಡೆಗೆ ಸರಿಸಿ, ಇನ್ನೊಂದು ಗೋಡೆಗೆ ನಾಲ್ಕು ಕಂಪ್ಯೂಟರ್ ಹಾಕಿಸಿದ್ದೆ. ಊರಿಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಹುಡುಗಿಯರು ಅರ್ಜಿ ತುಂಬಲು, ಹುಡುಗರು ಫಲಿತಾಂಶ ನೋಡಲು ಬರುತ್ತಿದ್ದರು. ನಾನು ಕಲಿತದ್ದು ಟೈಪಿಂಗ್ ಮತ್ತು ಸ್ವಲ್ಪ ಲೆಕ್ಕಪತ್ರ. ಉಳಿದದ್ದನ್ನೆಲ್ಲ ಕಂಪ್ಯೂಟರ್ ಕೆಟ್ಟಾಗಲೊಮ್ಮೆ ಕಲಿತೆ.

ತಂಗಿ ಚೀಟಿ ಕೊಟ್ಟಳು. ಅದರಲ್ಲಿ ಒಂದು ಇಮೇಲ್ ವಿಳಾಸವಿತ್ತು, ಅಷ್ಟೇ. ಅಕ್ಕನಿಗೆ ಅರವತ್ತರ ಸುಮಾರು. ಎತ್ತರದ ಆಳು, ಕತ್ತಿಗೆ ಬಿಳಿ ಅರಿವೆ ಕಟ್ಟಿಕೊಂಡಿದ್ದಳು. ಕುಳಿತುಕೊಳ್ಳಿ ಅಂದೆ. ಅವಳು ತುಟಿ ಅಲ್ಲಾಡಿಸಿದಳು, ಮಾತು ಬರಲಿಲ್ಲ. ಅರಿವೆಯ ಹಿಂದಿನಿಂದ ಉಸಿರು ಮಾತ್ರ ಸುಂಯ್ ಅಂದಿತು. ನನಗೆ ತಿಳಿಯದೆ ಮತ್ತೊಮ್ಮೆ, ಏನಂದ್ರಿ ಎಂದು ಕೇಳಿಬಿಟ್ಟೆ.

"ಮಿರಜಕ್ಕ ಹೋಗಿ ಗಂಟಲ ತಗಸಕೊಂಡ ಬಂದಾಳ್ರಿ ಬಾಯಾರ" ಅಂದಳು ತಂಗಿ. "ಜೀವ ಉಳದೈತಿ. ದನಿ ಹೋತು."

ಆಮೇಲೆ ತಂಗಿಯೇ ಎಲ್ಲ ಹೇಳಿದಳು. ಅಕ್ಕ ಗೀಗೀ ಪದದ ಹಾಡುಗಾರ್ತಿ. ನಮ್ಮ ಕಡೆ ಗೀಗೀ ಪದ ಗೊತ್ತಿಲ್ಲದವರಿಲ್ಲ: ದಪ್ಪು ಬಾರಿಸುತ್ತ ಮುಂದಿನವರು ಹಾಡುತ್ತಾರೆ, ಹಿಂದಿನವರು ತುಂತುಣಿ ಮೀಟುತ್ತ ಪಲ್ಲವಿಯ ಸೊಲ್ಲು ಹಿಡಿಯುತ್ತಾರೆ. ಎರಡು ಮೇಳ ಎದುರುಬದುರು ಕೂಡುತ್ತವೆ. ಗಂಡು ಹೆಚ್ಚೆಂದು ಒಬ್ಬರು, ಹೆಣ್ಣು ಹೆಚ್ಚೆಂದು ಇನ್ನೊಬ್ಬರು, ಪದದಲ್ಲೇ ಸವಾಲು, ಪದದಲ್ಲೇ ಜವಾಬು. ಅಕ್ಕ ಮೂವತ್ತು ವರ್ಷ ಹೆಣ್ಣಿನ ಪರ ಹಾಡಿದವಳು. ಇಂಡಿಯಿಂದ ಹಿಡಿದು ಬಸವನ ಬಾಗೇವಾಡಿಯ ತನಕ ಅವಳು ಕುಳಿತ ಕಡೆ ಎದುರಿನ ಮೇಳ ಹುಷಾರಾಗಿ ಕೂಡುತ್ತಿತ್ತಂತೆ. ತಂಗಿ ಅವಳ ಹಿಂದೆ ತುಂತುಣಿ ಹಿಡಿದವಳು.

ಅಕ್ಕನ ಹತ್ತಿರ ಒಂದು ಪದವಿತ್ತು. ಅವಳ ಗುರು ಅವಳಿಗೊಬ್ಬಳಿಗೇ ಕೊಟ್ಟದ್ದು. ಅದರಲ್ಲಿ ಎದುರಿನವರಿಗೆ ಐದು ಸವಾಲುಗಳು. ಅವರು ಸೋತರೆ, ಹಾಕಿದವರೇ ಐದಕ್ಕೂ ಜವಾಬು ಹಾಡಬೇಕು. ಜವಾಬು ಗೊತ್ತಿಲ್ಲದೆ ಸವಾಲು ಹಾಕುವಂತಿಲ್ಲ. ಹಾಗೆ ಹಾಕಿದ ಮೇಳಕ್ಕೆ ಮತ್ತೆ ಯಾರೂ ಹಾಡಲು ಬನ್ನಿ ಎಂದು ವೀಳ್ಯ ಕೊಡುವುದಿಲ್ಲ. ಆ ಪದವನ್ನು ಅಕ್ಕ ಎಲ್ಲೆಂದರಲ್ಲಿ ಹಾಡುತ್ತಿರಲಿಲ್ಲ. ಯಾರಿಗೂ ಕಲಿಸಿಯೂ ಇರಲಿಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಈಗ ಪದ ಅವಳ ತಲೆಯಲ್ಲಿತ್ತು, ಹೊರಗೆ ಬರಲು ದಾರಿಯಿರಲಿಲ್ಲ.

ಕಾಯಿಲೆ ಗೊತ್ತಾಗುವ ಮೂರು ವರ್ಷ ಮೊದಲು, ಹಾಡುಗಳನ್ನು ಕೂಡಿಸುತ್ತಿದ್ದ ಒಬ್ಬ ವಿದ್ಯಾರ್ಥಿ ಕ್ಯಾಮೆರಾ ತೆಗೆದುಕೊಂಡು ಬಂದು, ಬಾಗೇವಾಡಿ ತಾಲ್ಲೂಕಿನ ಮಸೂತಿ ಊರಿನ ಕನ್ನಡ ಸಾಲಿ ಅಂಗಳದಲ್ಲಿ ಹಗಲು ಹೊತ್ತಿನಲ್ಲಿ ಅಕ್ಕನನ್ನು ಕೂರಿಸಿ ಹಾಡಿಸಿದ್ದ. ಎದುರಿಗೆ ಮೇಳವಿರಲಿಲ್ಲ. ಕದ್ದೊಯ್ಯುವವರು ಯಾರೂ ಇಲ್ಲ ಎಂಬ ಧೈರ್ಯಕ್ಕೋ ಏನೋ, ಆವತ್ತು ಅಕ್ಕ ಆ ಪದವನ್ನು ಮೊದಲಿನಿಂದ ಕೊನೆಯ ತನಕ ಹಾಡಿದ್ದಳು. ಅವನು ಹೋಗುವಾಗ ಬರೆದುಕೊಟ್ಟದ್ದೇ ಈ ಚೀಟಿ. ತಂಗಿಯ ಮಗಳಿಗೆ ಕಂಠ ಚೆನ್ನಾಗಿದೆ, ಅವಳಿಗೆ ಈ ಪದ ಕಲಿಸಬೇಕು, ಅದಕ್ಕೆ ಆ ಶೂಟಿಂಗ್ ಬೇಕು ಎಂದು ತಂಗಿ ಹೇಳಿದಳು. ಅಕ್ಕ ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು.

ನಾನು ಅವರೆದುರಿಗೇ ಇಂಗ್ಲಿಷಿನಲ್ಲಿ ಇಮೇಲ್ ಬರೆದೆ. ಎಂಟು ದಿನದಲ್ಲಿ ಉತ್ತರ ಬಂತು. ಆ ವಿದ್ಯಾರ್ಥಿ ಈಗ ಬೇರೆ ರಾಜ್ಯದಲ್ಲಿ ಮೇಷ್ಟರಾಗಿದ್ದ. ಸುದ್ದಿ ತಿಳಿದು ಬಹಳ ನೊಂದುಕೊಂಡಿದ್ದ. ಕ್ಯಾಮೆರಾ ಎರವಲು ತಂದದ್ದಾಗಿತ್ತು, ಮೂಲ ಟೇಪಿನ ಮೇಲೆ ಮಾಲೀಕರು ಬೇರೇನೋ ಶೂಟ್ ಮಾಡಿಕೊಂಡಿದ್ದರು. ಅವನ ಹತ್ತಿರ ಒಂದು ಸಿಡಿ ಉಳಿದಿತ್ತು, ಅದನ್ನು ಹೇಗೋ ಓದಿಸಿ, ಕಡತವನ್ನು ಪುಕ್ಕಟೆ ಇಡಲು ಬಿಡುವ ಒಂದು ತಾಣಕ್ಕೆ ಏರಿಸಿ ಕೊಂಡಿ ಕಳಿಸಿದ್ದ. ಇಳಿಸಿಕೊಳ್ಳಿ ಎಂದಿದ್ದ.

ಅದು ಫಲಿತಾಂಶದ ವಾರ. ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಮೆಟ್ಟಿಲ ತುಂಬ ಹುಡುಗರು, ಅವರ ತಂದೆಯರು. ನಾಲ್ಕೂ ಕಂಪ್ಯೂಟರ್‌ಗಳಲ್ಲಿ ನಂಬರು ಹಾಕುವುದು, ಅಂಕಪಟ್ಟಿ ಪ್ರಿಂಟ್ ಹಾಕುವುದು. ದೊಡ್ಡ ಕಡತ ಇಳಿಸಲು ಹಚ್ಚಿದರೆ ಉಳಿದದ್ದೆಲ್ಲ ನಿಧಾನವಾಗುತ್ತದೆ. ನಾಳೆ ಮಾಡೋಣ ಅಂದುಕೊಂಡೆ. ತಂಗಿ ನಾಲತವಾಡದಿಂದ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಮಾಡುತ್ತೇನೆ ಅಂದೆ. ಹೀಗೆ ಒಂಬತ್ತು ದಿನ ಹೋಯಿತು.

ಗದ್ದಲ ಕಡಿಮೆಯಾದ ಮೇಲೆ ಒಂದು ಬೆಳಗ್ಗೆ ಕುಳಿತೆ. ಕಡತವನ್ನು ನಾಲ್ಕು ಭಾಗ ಮಾಡಿ, ನಾಲ್ಕನ್ನೂ ಒಟ್ಟಿಗೆ ಎಳೆಯುವ ಒಂದು ಪುಕ್ಕಟೆ ಸಾಫ್ಟ್‌ವೇರ್ ನನ್ನ ಹತ್ತಿರ ಇತ್ತು. ಹಾಗೆ ಮಾಡಿದರೆ ಬೇಗ ಆಗುತ್ತದೆ ಎಂದು ಹಚ್ಚಿದೆ. ನಾಲ್ಕು ಪಟ್ಟಿಗಳು ಸಮಸಮವಾಗಿ ಬೆಳೆಯುತ್ತಿದ್ದವು. ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ಕಿರುಚಿ ನಿಂತಿತು. ಕರೆಂಟು ಬಂದದ್ದು ಸಂಜೆ. ಮತ್ತೆ ಹಚ್ಚಿದರೆ ಬ್ರಾಡ್‌ಬ್ಯಾಂಡ್ ಸಿಗಲಿಲ್ಲ. ಮರುದಿನ ಬೆಳಗ್ಗೆ ಹಚ್ಚಿದಾಗ ಆ ಪುಟದಲ್ಲಿ ಕಡತವೇ ಇರಲಿಲ್ಲ.

ಏರಿಸಿದ ಹತ್ತು ದಿನಕ್ಕೆ ಕಡತವನ್ನು ತೆಗೆದುಹಾಕಲಾಗುವುದು ಎಂದು ಆ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನು ಅದನ್ನು ಆವತ್ತು ಓದಿದೆ.

ಆ ಮೇಷ್ಟರಿಗೆ ತಿರುಗಿ ಬರೆದೆ. ಉತ್ತರ ಬರಲು ತಿಂಗಳಾಯಿತು. ಸಿಡಿಯ ಮೇಲಿನ ಪದರ ಎದ್ದುಹೋಗಿದೆ, ಆಗಲೇ ಕಷ್ಟಪಟ್ಟು ಓದಿಸಿದ್ದು, ಈಗ ಯಾವ ಯಂತ್ರದಲ್ಲೂ ತೆರೆಯುತ್ತಿಲ್ಲ, ಏರಿಸಿದ್ದು ಒಂದು ಬಾಡಿಗೆ ಕಂಪ್ಯೂಟರಿನಿಂದ, ಅಲ್ಲಿ ಅಳಿಸಿಹಾಕಿದ್ದಾರೆ, ನಿಮ್ಮ ಹತ್ತಿರ ಇರುವುದೇ ಈಗ ಇರುವುದು ಎಂದು ಬರೆದಿದ್ದ.

ನನ್ನ ಹತ್ತಿರ ಇದ್ದದ್ದು ಏನೆಂದು ನನಗೇ ಗೊತ್ತಿರಲಿಲ್ಲ. ಡಿಸ್ಕಿನಲ್ಲಿ ಕಡತ ಪೂರ್ತಿ ಗಾತ್ರದ್ದೇ ಕಾಣುತ್ತಿತ್ತು. ತೆರೆದರೆ ಯಾವ ಪ್ಲೇಯರೂ ಒಪ್ಪುತ್ತಿರಲಿಲ್ಲ. ಒಂದು ಕಪ್ಪು ಕಿಟಕಿ ತೋರಿಸಿ ಮುಚ್ಚಿಕೊಳ್ಳುತ್ತಿತ್ತು, ಇನ್ನೊಂದು ಇಂಗ್ಲಿಷಿನಲ್ಲಿ ತಪ್ಪು ಹೇಳುತ್ತಿತ್ತು. ಅಕ್ಕತಂಗಿಯರಿಗೆ ಫೈಲು ಸ್ವಲ್ಪ ಕೆಟ್ಟಿದೆ, ರಿಪೇರಿ ಮಾಡಾಕತ್ತೇನಿ ಎಂದು ಹೇಳಿದೆ. ಒಂಬತ್ತು ದಿನದ ವಿಷಯ ಹೇಳಲಿಲ್ಲ.

ಮೊದಲು ಸಿಂದಗಿಗೆ ಹೋದೆ. ಅಲ್ಲಿ ಮದುವೆ ಶೂಟಿಂಗ್ ಮಾಡಿ ಕ್ಯಾಸೆಟ್ಟು, ಸಿಡಿ ಮಾಡಿಕೊಡುವ ಒಬ್ಬರಿದ್ದರು. ಅಪ್ಪನ ಹತ್ತಿರ ಟೈಪಿಂಗ್ ಕಲಿತವರು. ಅವರು ಕಡತ ನೋಡಿ, ಇದರಲ್ಲಿ ಜೀವ ಇಲ್ಲ, ಬಿಡ್ರಿ ಅಂದರು. ನಾನು ಏಳದೆ ಕುಳಿತಿದ್ದು ನೋಡಿ ಇನ್ನೊಂದು ದಾರಿ ಹೇಳಿದರು: ಆಕೆಯ ಫೋಟೋ ಇದ್ದರೆ ತನ್ನಿ, ಸುತ್ತ ಹೂವಿನ ಚಿತ್ರ ಹಾಕಿ, ಬೇರೆ ಯಾರದಾದರೂ ಗೀಗೀ ಪದದ ದನಿ ಕೂರಿಸಿಕೊಡುತ್ತೇನೆ, ಹಳ್ಳಿಯ ಮಂದಿಗೆ ಅದೇ ಸಾಕು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಚಹಾ ಕುಡಿದು ಬಸ್ಸಿಗೆ ಬಂದೆ.

ಆಮೇಲಿನ ಮೂರು ತಿಂಗಳು ನಾನು ಕಲಿತಷ್ಟು ಎಂದೂ ಕಲಿತಿಲ್ಲ. ಈ ಬಗೆಯ ವಿಡಿಯೋ ಕಡತದ ಕೊನೆಯಲ್ಲಿ ಪುಸ್ತಕದ ಪರಿವಿಡಿಯಂಥ ಒಂದು ಪಟ್ಟಿ ಇರುತ್ತದೆ, ಯಾವ ಚಿತ್ರ ಎಲ್ಲಿದೆ, ಯಾವ ದನಿ ಎಲ್ಲಿದೆ ಎಂದು. ಅದಿಲ್ಲದಿದ್ದರೆ ಪ್ಲೇಯರಿಗೆ ಏನೂ ಸಿಗುವುದಿಲ್ಲ. ಆ ಪಟ್ಟಿಯನ್ನು ಹೊಸದಾಗಿ ಕಟ್ಟುವ ಪುಕ್ಕಟೆ ಸಾಫ್ಟ್‌ವೇರ್‌ಗಳಿದ್ದವು. ಒಂದೊಂದನ್ನೇ ಇಳಿಸಿಕೊಂಡೆ. ಪುಕ್ಕಟೆ ಎಂದು ಬಂದ ಒಂದು, ರಿಪೇರಿಯಾದ ಚಿತ್ರದ ಮೇಲೆ ಅಡ್ಡಲಾಗಿ ದಪ್ಪ ಅಕ್ಷರಗಳಲ್ಲಿ ತನ್ನ ಹೆಸರು ಬರೆಯುತ್ತಿತ್ತು. ಇನ್ನೊಂದು ವೈರಸ್ ತಂದು ಎರಡು ಕಂಪ್ಯೂಟರ್ ಮಲಗಿಸಿತು. ನಿಜವಾಗಿ ಪುಕ್ಕಟೆಯಾದದ್ದು, ಯಾರೋ ದೂರದವರು ತಮ್ಮ ಖುಷಿಗೆ ಬರೆದು ಹಂಚಿದ್ದು, ನೋಡಲು ಒರಟಾಗಿತ್ತು. ಬೂದು ಬಣ್ಣದ ಒಂದು ಕಿಟಕಿ, ತುಂಬ ಗುಂಡಿಗಳು. ಅದೇ ಕೊನೆಗೆ ಕೆಲಸಕ್ಕೆ ಬಂತು.

ಅದು ಕಡತದ ಒಡಲನ್ನು ಅಂಕಿಗಳಾಗಿ ತೋರಿಸಿದಾಗ ನನಗೆ ಅರ್ಥವಾಯಿತು. ಒಂದಷ್ಟು ದೂರ ಅಂಕಿ, ಅಕ್ಷರಗಳ ಕಿಕ್ಕಿರಿದ ಸಾಲುಗಳು. ಆಮೇಲೆ ಬರೀ ಸೊನ್ನೆ. ಪುಟ ಸರಿಸಿದಷ್ಟೂ ಸೊನ್ನೆ. ಮತ್ತೆ ಅಂಕಿಗಳು, ಮತ್ತೆ ಸೊನ್ನೆ. ನಾಲ್ಕು ಭಾಗ ಮಾಡಿ ಇಳಿಸಿದ್ದರಿಂದ ನಾಲ್ಕರ ಮೊದಲ ಅರ್ಧ ಮಾತ್ರ ಬಂದಿತ್ತು. ಒಂದೇ ಭಾಗವಾಗಿ ಇಳಿಸಿದ್ದರೆ ಅರ್ಧ ಪದವಾದರೂ ಸಲೀಸಾಗಿ ಸಿಗುತ್ತಿತ್ತೇನೋ. ಬೇಗ ಆಗಲೆಂದು ನಾನೇ ಹಾಗೆ ಮಾಡಿದ್ದೆ. ಇಂಥ ವಿಷಯ ಚರ್ಚಿಸುವ ಒಂದು ತಾಣದಲ್ಲಿ ಪ್ರಶ್ನೆ ಹಾಕಿದೆ. ಯಾವ ದೇಶದವರೋ, ನನ್ನ ಹರಕು ಇಂಗ್ಲಿಷನ್ನು ಓದಿ ಸಮಾಧಾನದಿಂದ ಉತ್ತರ ಬರೆದರು. ಇರುವುದನ್ನು ಜೋಡಿಸುವುದು ಹೇಗೆಂದು ಹಂತಹಂತವಾಗಿ ತಿಳಿಸಿದರು. ಕೊನೆಯಲ್ಲಿ, ಸೊನ್ನೆ ಇರುವ ಕಡೆ ಏನೂ ಇಲ್ಲ, ಇಲ್ಲದ್ದನ್ನು ಯಾವ ಸಾಫ್ಟ್‌ವೇರೂ ತರಲಾರದು ಎಂದಿದ್ದರು.

ಮೊದಲ ಸಲ ಚಿತ್ರ ಮೂಡಿದ ಮಧ್ಯಾಹ್ನ ನಾನೊಬ್ಬಳೇ ಇದ್ದೆ. ಸಾಲಿ ಅಂಗಳ, ಹಾಸಿದ ಜಮಖಾನೆ, ಅದರ ಮೇಲೆ ಹಸಿರು ಇಳಕಲ್ ಸೀರೆಯ ಅಕ್ಕ, ಕೈಯಲ್ಲಿ ದಪ್ಪು. ಹಿಂದೆ ತುಂತುಣಿ ಹಿಡಿದ ತಂಗಿ. ಅಕ್ಕ ಬಾಯಿ ತೆರೆದಳು, ದನಿ ಬರಲಿಲ್ಲ. ಬಾಯಿ ಮುಚ್ಚಿ ತಂಗಿಯ ಕಡೆ ತಿರುಗಿದ ಮೇಲೆ ದನಿ ಬಂತು. ರಿಪೇರಿಯಲ್ಲಿ ದನಿ ಹಿಂದೆ ಬಿದ್ದಿತ್ತು. ಆದರೂ ಆ ದನಿ ಕೇಳಿ ನನ್ನ ಮೈ ಜುಮ್ಮೆಂದಿತು. ಅಷ್ಟು ದಿನ ಅವಳಿಂದ ಕೇಳಿದ್ದು ಉಸಿರಿನ ಸದ್ದು ಮಾತ್ರ. ಇದು ದಪ್ಪ, ತುಂಬಿದ ದನಿ, ಅಂಗಳದ ಆಚೆಗೂ ಕೇಳುವಂಥದ್ದು.

ದನಿಯನ್ನು ಚಿತ್ರದಿಂದ ಬೇರೆ ಮಾಡಿ, ಒಂದೊಂದು ತುಂಡಿಗೂ ಎಷ್ಟು ಹಿಂದೆ ಬಿದ್ದಿದೆ ಎಂದು ನೋಡಿ, ಮುಂದೆ ಸರಿಸಿ ಕೂರಿಸಿದೆ. ದಪ್ಪಿಗೆ ಕೈ ಬೀಳುವುದೂ ಸದ್ದೂ ಒಂದಾಗುವ ತನಕ ಸರಿಸಿದೆ. ಕೊನೆಗೆ ಅವರ ಮನೆಯ ಪ್ಲೇಯರಿನಲ್ಲಿ ನಡೆಯುವಂಥ ಸಿಡಿಗೆ ಪರಿವರ್ತಿಸಿದೆ. ಒಂದು ಇಡೀ ದಿನ ಹಿಡಿಯಿತು. ಆಮೇಲೆ ಅವರನ್ನು ಕರೆಸಿದೆ.

ಇಬ್ಬರೂ ಕಂಪ್ಯೂಟರಿನ ಮುಂದೆ ಕುಳಿತರು. ಅಕ್ಕ ಮೊದಲು ತನ್ನನ್ನು ಗುರುತು ಹಿಡಿಯದವಳ ಹಾಗೆ ನೋಡಿದಳು. ಮೊದಲ ತುಂಡಿನಲ್ಲಿ ದೇವರ ಸ್ತುತಿ, ಪೀಠಿಕೆ. ಎರಡನೆಯದರಲ್ಲಿ ಮೊದಲ ನಾಲ್ಕು ಸವಾಲು; ಅದರಾಚೆ ಹೋದದ್ದು ತಂಗಿ ಬಲ್ಲ ಸೊಲ್ಲುಗಳಷ್ಟೇ. ಅವಳ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. ಮೂರನೆಯದರಲ್ಲಿ, ಎದುರಿನ ಹಾಡುಗಾರನನ್ನು ಶಾಹೀರ ಎಂದು ಕರೆದು ಹಾಕುವ ಐದನೇ ಸವಾಲು ಬಂತು. ಅದು ನನಗೆ ಇಂದಿಗೂ ಬಾಯಿಪಾಠ:

ಹುಟ್ಟಿದ ಮನಿಗಿ ಹೊರಗಿನಾಕಿ
ಕೊಟ್ಟ ಮನಿಗಿ ಬಂದಾಕಿ
ಆಕಿ ಊರ ಯಾವುದು ಹೇಳೋ ಶಾಹೀರ

ಇದಾದ ಮೇಲೆ ಚಿತ್ರ ಚೌಕಚೌಕವಾಗಿ ಒಡೆಯಿತು, ಅಕ್ಕನ ಮುಖ ಹಸಿರು ಬೂದು ಚೂರುಗಳಾಗಿ ನಿಂತಿತು, ಥಟ್ಟನೆ ಮಂಗಳದ ಸೊಲ್ಲು ಬಂತು. ನಾಲ್ಕನೆಯ ತುಂಡು ಅದು. ಐದೂ ಜವಾಬುಗಳು ಸೊನ್ನೆಗಳಲ್ಲಿ ಹೋಗಿದ್ದವು.

ಅಕ್ಕ ಮೇಜಿಗೆ ಅಂಗೈ ಬಡಿದಳು. ಹಿಂದೆ ಹೋಗು ಎಂದು ಸನ್ನೆ ಮಾಡಿದಳು. ಹಿಂದೆ ಒಯ್ದೆ, ಮತ್ತೆ ಅದೇ ಆಯಿತು. ನಾನು ತಂಗಿಗೆ, ಅಷ್ಟು ವರ್ಷ ಹಿಂದೆ ಕುಳಿತವರು ನಿಮಗೆ ಒಂದಿಷ್ಟಾದರೂ ನೆನಪಿರಬೇಕಲ್ಲ ಎಂದು ಕೇಳಿದೆ. ಅವಳು ಅಕ್ಕನ ಕಡೆ ನೋಡದೆ ಹೇಳಿದಳು:

"ನಾವು ಸೊಲ್ಲ ಹಿಡಿಯೂರ್ರಿ. ಜವಾಬ ಆಕಿ ಒಬ್ಬಾಕಿನ ಅಂತಿದ್ಲು, ಭರಾಟಿಲೆ ಅಂದ ಬಿಡತಿದ್ಲು. ಕಲಸ ಅಂತ ಇಪ್ಪತ್ತ ವರ್ಷ ಕೇಳೇನಿ. ಕೊಡಲಿಲ್ಲ. ಒಡಹುಟ್ಟಿದಾಕಿಗೂ ಕೊಡಲಿಲ್ಲ."

ಅಕ್ಕ ತಲೆ ತಗ್ಗಿಸಿದಳು. ಕತ್ತಿನ ಅರಿವೆ ಉಸಿರಿಗೆ ಒಳಗೆ ಹೊರಗೆ ಆಡುತ್ತಿತ್ತು. ಆವತ್ತು ಇಬ್ಬರೂ ಬೇಗ ಹೋದರು.

ಅವರು ಹೋದ ಮೇಲೆ ನನಗೆ ಒಂದು ವಿಚಾರ ಹೊಳೆಯಿತು. ಕಳೆದುಹೋದ ಭಾಗಗಳು ಎಷ್ಟೆಷ್ಟು ಹೊತ್ತಿನವು ಎಂದು ಕಡತದಿಂದ ಲೆಕ್ಕ ಹಾಕಬಹುದಿತ್ತು. ಆ ಜಾಗದಲ್ಲೆಲ್ಲ ಅಷ್ಟೇ ಹೊತ್ತು ಕಪ್ಪು ಚಿತ್ರ, ಮೌನ ತುಂಬಿಸಿದೆ. ಪದ ಈಗ ತನ್ನ ಪೂರ್ತಿ ಉದ್ದಕ್ಕೆ ಬಂದಿತು. ಹೀಗೆ ಮಾಡಿ ಏನು ಪ್ರಯೋಜನ ಎಂದು ನನಗೂ ಸ್ಪಷ್ಟವಿರಲಿಲ್ಲ. ಥಟ್ಟನೆ ಹಾರುವುದನ್ನಾದರೂ ತಪ್ಪಿಸೋಣ ಎಂದಿತ್ತು.

ಮುಂದಿನ ಸಲ ಬಂದಾಗ ಅದನ್ನು ಹಾಕಿದೆ. ಐದನೇ ಸವಾಲು ಮುಗಿಯಿತು, ಪರದೆ ಕಪ್ಪಾಯಿತು. ಅಕ್ಕನ ಬೆರಳು ನಿಲ್ಲಲಿಲ್ಲ. ತಾಳ ಹಾಕುತ್ತಲೇ ಇದ್ದಳು, ತುಟಿ ಆಡುತ್ತಿತ್ತು. ಕಪ್ಪು ಪರದೆಯ ಮುಂದೆ ಅವಳು ಜವಾಬು ಹಾಡುತ್ತಿದ್ದಳು. ಎಲ್ಲೋ ಒಂದು ಕಡೆ ಹುಬ್ಬು ಎತ್ತಿದಳು, ಎಲ್ಲೋ ನಕ್ಕಳು, ಒಂದು ಕಡೆ ಬೆರಳು ಎದುರಿನವರ ಕಡೆಗೆ ಚಾಚಿದಳು. ಸದ್ದೆಂದರೆ ಬೆರಳಿನದು, ಮತ್ತೆ ಉಸಿರಿನದು. ಐದಾರು ನಿಮಿಷ ಹಾಗೇ ನಡೆಯಿತು. ಅವಳು ಕೊನೆಯ ಪೆಟ್ಟು ಹಾಕಿ ಕೈ ಎತ್ತಿದಾಗಲೇ ಪರದೆಯಲ್ಲಿ ಚಿತ್ರ ಬಂತು, ಅಲ್ಲಿಯ ಅಕ್ಕ ಮಂಗಳದ ಮೊದಲ ಅಕ್ಷರ ಹಿಡಿದಳು. ಎಳ್ಳಷ್ಟೂ ಆಚೀಚೆ ಆಗಲಿಲ್ಲ.

ತಂಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಒಂದಕ್ಷರ ಮರೆಯದೆ ಇಡೀ ಪದ ಅಲ್ಲೇ, ನಮ್ಮಿಂದ ಒಂದು ಮೊಳ ದೂರದಲ್ಲಿತ್ತು.

ಅವಳ ತುಟಿ ಓದಿ ಬರೆದುಕೊಳ್ಳೋಣ ಎಂದು ನಾವು ಶುರು ಮಾಡಿದೆವು. ವಾರಕ್ಕೆ ಒಂದು ಸಲ ಬರುತ್ತಿದ್ದರು. ಅಕ್ಕ ಒಂದೊಂದು ಸಾಲು ತುಟಿಯಲ್ಲಿ ಅನ್ನುವುದು, ತಂಗಿ ಊಹಿಸುವುದು, ನಾನು ಟೈಪ್ ಮಾಡಿ ತಿರುಗಿ ಓದುವುದು. ಮನೆಯ ಮಾತು ತಂಗಿಗೆ ತಿಳಿಯುತ್ತಿತ್ತು. ನೀರು ಬೇಕು, ಹೋಗೋಣ, ಇಂಥವೆಲ್ಲ. ಪದದ ಮಾತು ಬೇರೆಯಿತ್ತು. ಅದರಲ್ಲಿ ಹಳೆಯ ಶಬ್ದಗಳು, ಎಲ್ಲಿಯೂ ಕೇಳದವು. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಕೂಡುತ್ತದೆ ಎಂದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ. ತ, ದ, ನ ನಾಲಿಗೆಯಲ್ಲಿ ಆಗುವವು, ಹೊರಗಿನಿಂದ ಬೇರೆಬೇರೆ ಕಾಣುವುದಿಲ್ಲ. ಕ, ಗ ಕಾಣುವುದೇ ಇಲ್ಲ. ಮಣ್ಣು ಎಂದೆವು, ಅಕ್ಕ ಅಲ್ಲ ಅಂದಳು. ಬಣ್ಣ ಎಂದೆವು, ಅಲ್ಲ. ಪಣ ಎಂದೆವು, ಅಲ್ಲ. ಅವಳು ಸಾಲಿಗೆ ತಾಳ ಹಾಕಿ ತೋರಿಸುತ್ತಿದ್ದಳು; ನಾವು ಹಿಡಿದ ಸಾಲಿನಲ್ಲಿ ಯಾವಾಗಲೂ ಎರಡು ಮೂರು ಪೆಟ್ಟು ಖಾಲಿ ಉಳಿಯುತ್ತಿದ್ದವು.

ಕೆಲವು ಸಲ ಅರ್ಥ ಸಿಗುತ್ತಿತ್ತು. ಹೀಗೇನು ಎಂದು ತಂಗಿ ಬಿಡಿಸಿ ಹೇಳಿದರೆ ಅಕ್ಕ ಹೌದೆನ್ನುತ್ತಿದ್ದಳು. ಹಾಗಾದರೆ ಅದೇ ಅರ್ಥಕ್ಕೆ ನಾವೇ ಪದ ಕಟ್ಟಿದರೆ ಆಗದೇ ಎಂದು ನಾನು ಕೇಳಿದೆ. ಅಕ್ಕ ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತು ಎತ್ತಲಿಲ್ಲ. ಧಾಟಿಯಂತೂ ತುಟಿಯಿಂದ ಬರುವಂಥದ್ದೇ ಅಲ್ಲ. ಎರಡು ತಿಂಗಳಲ್ಲಿ ಹನ್ನೊಂದು ಸಾಲು ಬರೆದುಕೊಂಡೆವು. ಅಕ್ಕ ಸರಿ ಎಂದು ಒಪ್ಪಿದ್ದು ನಾಲ್ಕು. ಐದನೇ ಸವಾಲಿನ ಜವಾಬಿನಲ್ಲಿ ಒಂದೂ ಇಲ್ಲ.

ಅಕ್ಷರ ಕಲಿಸಿ ನೋಡಿದೆ. ಕೀಲಿಮಣೆಯ ಮೇಲೆ ಅವಳ ಬೆರಳು ಹಿಡಿದು ಅ ಆ ಒತ್ತಿಸಿದೆ. ದಪ್ಪಿನ ಮೇಲೆ ಅಷ್ಟು ಚುರುಕಾದ ಬೆರಳು ಅಲ್ಲಿ ಹೆದರಿಕೊಳ್ಳುತ್ತಿತ್ತು. ತನ್ನ ಹೆಸರಿನ ಮೂರು ಅಕ್ಷರಗಳನ್ನು ಹುಡುಕಿ ಒತ್ತಲು ಕಲಿತಳು. ಆ ಹೊತ್ತಿಗೆ ಅವಳ ಕತ್ತಿನ ಒಂದು ಬದಿ ಮತ್ತೆ ಬಾತುಕೊಂಡಿತ್ತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಕೆಲಸ ಮುಗಿಸಿ ಬಸ್ಸಿಗೆ ಹೊತ್ತಿದೆ ಎಂದು ಅವರು ಕುಳಿತಿದ್ದಾಗ, ನಾನು ಒಂಬತ್ತು ದಿನದ ವಿಷಯ ಹೇಳಿದೆ. ಕೊಂಡಿ ಬಂದದ್ದು, ಫಲಿತಾಂಶದ ಗದ್ದಲ, ನಾಳೆ ನಾಳೆ ಎಂದದ್ದು, ಸಣ್ಣ ಅಕ್ಷರ ಓದದೆ ಇದ್ದದ್ದು. ಬಂದ ದಿನವೇ ಇಳಿಸಿದ್ದರೆ ಪೂರ್ತಿ ಸಿಗುತ್ತಿತ್ತು ಎಂದೂ ಹೇಳಿದೆ. ತಂಗಿ ಕೈಚೀಲದ ಬಾಯಿ ಕಟ್ಟಿದಳು. ಆಮೇಲೆ, "ಈಗ ಹೇಳಿ ಏನ ಮಾಡೂದೈತ್ರಿ ಬಾಯಾರ" ಅಂದಳು. ಸಿಟ್ಟಿನಿಂದಲ್ಲ, ದಣಿದ ದನಿಯಲ್ಲಿ.

ಅಕ್ಕ ತಂಗಿಯ ಮೊಣಕೈ ಮುಟ್ಟಿ ಏನೋ ತುಟಿಯಾಡಿಸಿದಳು. ತಂಗಿ ನೋಡಿ ತಿಳಿದುಕೊಂಡು, ನನ್ನ ಕಡೆ ತಿರುಗದೆ ಹೇಳಿದಳು: "ನಿಮ್ದು ಒಂಬತ್ತ ದಿವಸ, ತನ್ನದು ಇಪ್ಪತ್ತ ವರ್ಷ ಅಂತಾಳ್ರಿ."

ಇದನ್ನು ಸಮಾಧಾನಕ್ಕೆ ಹೇಳಿದ್ದು ಎಂದು ಗೊತ್ತು. ನನಗೆ ಸಮಾಧಾನವಾಗಲಿಲ್ಲ. ತಂಗಿಗೂ ಆಗಲಿಲ್ಲ. ಆ ಮಾತು ಹೇಳುವಾಗ ಅವಳ ಮುಖ ನೋಡಿದರೆ, ಅಕ್ಕನ ಬಾಯಿಂದ ಇಷ್ಟು ವರ್ಷ ಕಾದಿದ್ದ ಮಾತು ಕೊನೆಗೂ ಬಂತು, ಆದರೆ ಯಾವುದಕ್ಕೂ ಉಪಯೋಗವಿಲ್ಲದ ಹೊತ್ತಿಗೆ ಬಂತು ಎಂದು ಅನ್ನಿಸುತ್ತಿತ್ತು.

ಮುಂದೆ ಅಕ್ಕನಿಗೆ ಬಸ್ಸಿನಲ್ಲಿ ಬರುವ ಶಕ್ತಿ ಉಳಿಯಲಿಲ್ಲ. ನಾನು ಒಂದೆರಡು ಸಲ ನಾಲತವಾಡಕ್ಕೆ ಹೋಗಿ ಬಂದೆ. ಹೊರಸಿನ ಮೇಲೆ ಒರಗಿ ಕುಳಿತಿರುತ್ತಿದ್ದಳು. ಸಿಡಿ ಹಾಕಲು ಬಿಡುತ್ತಿರಲಿಲ್ಲ. ಎರಡನೆಯ ಸಲ ಹೋದಾಗ ತಂಗಿಯ ಮಗಳೂ ಇದ್ದಳು, ಇಂಡಿಯ ಕಡೆಗೆ ಕೊಟ್ಟವಳು, ಹೆರಿಗೆಗೆ ಬಂದಿದ್ದಳು. ಅಕ್ಕ ಅವಳ ಕೈ ಹಿಡಿದು ಏನೋ ಅನ್ನಲು ನೋಡಿದಳು, ತುಟಿ ಒಣಗಿ ಅಂಟುತ್ತಿತ್ತು. ಆ ಹುಡುಗಿ ಹೂಂ ಹೂಂ ಎನ್ನುತ್ತ ನೀರಿನಲ್ಲಿ ಅದ್ದಿದ ಅರಳೆಯಿಂದ ತುಟಿ ಒರೆಸಿದಳು. ಪದದ ಸಾಲೋ, ಬೇರೆ ಮಾತೋ ಯಾರಿಗೂ ತಿಳಿಯಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ಅಕ್ಕ ತೀರಿಕೊಂಡಳು. ನನಗೆ ಸುದ್ದಿ ಮುಟ್ಟಿದ್ದು ಮೂರನೇ ದಿನ.

ತಂಗಿ ಒಂದು ಸಲ ಬಂದು ಸಿಡಿಯ ಇನ್ನೊಂದು ಪ್ರತಿ ಮಾಡಿಸಿಕೊಂಡು ಹೋದಳು. ಮೊದಲಿನದಕ್ಕೆ ಗೀರು ಬಿದ್ದಿತ್ತು. ಯಾವುದು ಬೇಕು, ಹಾರುವುದೋ ಕಪ್ಪು ಇರುವುದೋ ಎಂದು ಕೇಳಿದೆ. ಕಪ್ಪು ಇರುವುದು ಎಂದಳು. ಆ ಕಪ್ಪಿನ ಹೊತ್ತಿನಲ್ಲಿ ಅವಳು ಮನೆಯಲ್ಲಿ ಏನು ಮಾಡುತ್ತಾಳೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಕಡತ ನನ್ನ ಹತ್ತಿರ ಇನ್ನೂ ಇದೆ. ಕಂಪ್ಯೂಟರ್ ಬದಲಾದಾಗಲೆಲ್ಲ ಹೊಸದಕ್ಕೆ ನಕಲು ಮಾಡಿಕೊಂಡಿದ್ದೇನೆ. ಮೊದಮೊದಲು ಹೊಸ ಸಾಫ್ಟ್‌ವೇರ್ ಬಂತೆಂದು ಓದಿದರೆ ತಕ್ಷಣ ಇಳಿಸಿಕೊಂಡು ಆ ಸೊನ್ನೆಗಳ ಮೇಲೆ ಬಿಟ್ಟು ನೋಡುತ್ತಿದ್ದೆ. ಆಗುವುದಿಲ್ಲವೆಂದು ಗೊತ್ತಿದ್ದೂ ಕೆಲವು ವರ್ಷ ಹಾಗೆ ಮಾಡಿದೆ. ಆಮೇಲೆ ಬಿಟ್ಟೆ.

ಅಕ್ಕ ತೀರಿಕೊಂಡ ಎರಡು ವರ್ಷದ ಮೇಲೆ, ಒಂದು ಪರೀಕ್ಷೆಯ ಕೆಲಸಕ್ಕೆಂದು ಇಂಡಿಗೆ ಹೋದಾಗ ಬಸ್ ನಿಲ್ದಾಣದಲ್ಲಿ ತಂಗಿಯ ಮಗಳು ಸಿಕ್ಕಳು. ಬಗಲಲ್ಲಿ ಮಗು. ಈಗ ಅವಳದೇ ಒಂದು ಸಣ್ಣ ಮೇಳವಿದೆ, ಸುತ್ತಲಿನ ಹಳ್ಳಿಗಳಿಗೆ ಹಾಡಲು ಹೋಗುತ್ತಾಳೆ ಎಂದು ಹೇಳಿದಳು. ಸಿಡಿಯಲ್ಲಿರುವಷ್ಟು ಪದವನ್ನು ಕಲಿತೆಯಾ ಎಂದು ಕೇಳಿದೆ. ಕಲಿತಿದ್ದಾಳೆ, ಐದೂ ಸವಾಲು ಬಾಯಿಗೆ ಬರುತ್ತವೆ, ಧಾಟಿಯೂ ದೊಡ್ಡವ್ವನದೇ ಎಂದಳು. ಹಾಗಾದರೆ ಹಾಡುತ್ತೀಯಲ್ಲ ಅಂದೆ.

"ಇಲ್ರಿ" ಅಂದಳು. "ಎದರಿನೋರು ನಮಗ ಗೊತ್ತಿಲ್ಲ, ನೀನ ಹೇಳವಾ ಅಂದ್ರ ನಾ ಏನ ಹೇಳ್ಲಿ?"

ಅವಳ ಬಸ್ಸು ಬಂತು. ಮಗುವನ್ನು ಕಿಟಕಿಯಿಂದ ಒಳಗಿದ್ದ ಯಾರದೋ ಕೈಗೆ ಕೊಟ್ಟು, ಹತ್ತಿ ಸೀಟು ಹಿಡಿದಳು. ಬರ್ತೇನ್ರಿ ಎಂದು ಕೈ ಮಾಡಿದಳು. ನಾನೂ ಕೈ ಮಾಡಿದೆ.